ತೊಗರಿ ಚೀಲದ ಪಂದ್ಯ

ವಿಶ್ವವಿದ್ಯಾಲಯದ ಸಂಸ್ಥಾಪನಾ ಸಪ್ತಾಹ ಇನ್ನೂ ದೂರವಿರುವಾಗಲೇ ಪಂಚಶೀಲಾ ದೈಹಿಕ ಶಿಕ್ಷಣ ವಿಭಾಗದ ಬಾಗಿಲಲ್ಲಿ ನಿಂತಿದ್ದಳು. ಎಂ.ಎ. ಎರಡನೇ ವರ್ಷದ ಹುಡುಗಿ. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋಗುವವಳು. ಹೋದ ವರ್ಷದ ಸಪ್ತಾಹದಲ್ಲಿ ಹುಡುಗರು ತೊಗರಿ ತುಂಬಿದ ಚೀಲವನ್ನು ನೆಲದಿಂದ ಹೆಗಲಿಗೆ ಎತ್ತುವ ಪಂದ್ಯವಾಡಿದಾಗ ಅವಳು ಹಗ್ಗದಾಚೆ ನಿಂತು ನೋಡಿದ್ದಳು. ಅವರು ಎತ್ತಿದಾಗಲೆಲ್ಲ ಇವಳ ತೋಳು ತಾನಾಗಿಯೇ ಬಿಗಿಯುತ್ತಿತ್ತು. ಅಪ್ಪ ದತ್ತಪ್ಪ, ಕಲಬುರಗಿಯ ಗಂಜ್ ಎಂಬ ಧಾನ್ಯ ಮಾರುಕಟ್ಟೆಯಲ್ಲಿ ವರ್ಷಾನುಗಟ್ಟಲೆ ಹಮಾಲಿ ಮಾಡಿದವನು. ಚೀಲಗಳ ನಡುವೆ ಆಡಿ ಬೆಳೆದ ಅವಳಿಗೆ ಭಾರ ಎತ್ತುವುದೆಂದರೆ ಚಿಕ್ಕಂದಿನಿಂದಲೂ ಒಂದು ಖುಷಿ.

ದೈಹಿಕ ಶಿಕ್ಷಣ ನಿರ್ದೇಶಕ ಅಣವೀರಪ್ಪ ಕೆಟ್ಟ ಮನುಷ್ಯನೇನಲ್ಲ, ಆದರೂ ತಾನೂ ಚೀಲ ಎತ್ತಬೇಕು ಎಂಬ ಅವಳ ಮಾತು ಕೇಳಿ ನಕ್ಕುಬಿಟ್ಟರು. ಹುಡುಗಿಯರಿಗೆ ರಂಗೋಲಿ ಇದೆ, ಥ್ರೋಬಾಲ್ ಇದೆ, ಲಿಂಬು ಚಮಚದ ಓಟ ಇದೆ ಎಂದರು.

“ಚೀಲ ಎತ್ತೋದು ಬರೇ ಗಂಡು ಹುಡುಗರಿಗೇ ಅಂತ ಎಲ್ಲರೆ ಬರದೀರೇನ್ರೀ ಸರ್?”

ಎಲ್ಲೂ ಬರೆದಿರಲಿಲ್ಲ. ಅಣವೀರಪ್ಪ ಗದ್ದ ಕೆರೆದುಕೊಂಡರು. “ಒಬ್ಬಾಕಿ ಸಲುವಾಗಿ ಪಂದ್ಯ ಇಡ್ಲಿಕ್ಕೆ ಬರಂಗಿಲ್ಲವ್ವ. ನಾಕ್ ಮಂದಿ ಆದ್ರ ಇಡ್ತೀನಿ, ನೋಡು.”

ನಾಲ್ವರು ಸಿಗುವುದಿಲ್ಲ ಎಂಬ ಧೈರ್ಯ ಅವರ ಮುಖದಲ್ಲೇ ಕಾಣುತ್ತಿತ್ತು. ಪಂಚಶೀಲಾ ಆಗಲಿ ಎಂದು ಹೊರಬಂದಳು.

ಮೊದಲು ಒಪ್ಪಿದವಳು ಅವಳ ಸಹಪಾಠಿ, ಬ್ರಹ್ಮಪುರದ ಆಯೇಶಾ. ನಲ್ಲಿಯ ನೀರು ಮೇಲೇರದ ಮನೆಯಲ್ಲಿ, ಎರಡೂ ಕೈಲಿ ಕೊಡ ಹಿಡಿದು ಮಹಡಿ ಹತ್ತುತ್ತ ಬೆಳೆದವಳು. ಹಾಸ್ಟೆಲಿನ ಇನ್ನಿಬ್ಬರನ್ನು ಒಪ್ಪಿಸುವಷ್ಟರಲ್ಲಿ ಪಂಚಶೀಲಾಳ ಬಾಯಿ ಒಣಗಿತು. ಯಾವ ವಿಡಿಯೋದಲ್ಲೂ ತನ್ನ ಮುಖ ಬರಬಾರದು ಎಂದು ಒಬ್ಬಳು ಆಣೆ ಹಾಕಿಸಿಕೊಂಡಳು.

ಇವರೆಲ್ಲರಿಗಿಂತ ಕಷ್ಟವಾದದ್ದು ಅಪ್ಪನನ್ನು ಒಪ್ಪಿಸುವುದು. ಹಮಾಲಿಯಲ್ಲಿ ಸೊಂಟ ಹಾಳಾದ ಮೇಲೆ ದತ್ತಪ್ಪ ಕಮಲಾಪುರದ ಬಾಳೆ ತೋಟವೊಂದರ ಕಾವಲಿಗಿದ್ದ. ಮಗಳ ಸುದ್ದಿ ಕೇಳಿ ಊಟದ ತಾಟನ್ನು ಪಕ್ಕಕ್ಕೆ ಸರಿಸಿದ.

“ನನ್ನ ನಡಾ ಹೋಗಿದ್ದು ಸಾಲದೇನು? ನಿಂದೂ ಹೋಗಬೇಕೇನು?”

ಅವಳು ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹಳೆಯ ಚೀಲವೊಂದಕ್ಕೆ ಮಣ್ಣು ತುಂಬಿ ಎತ್ತತೊಡಗಿದಳು. ಚೀಲ ಧೊಪ್ಪೆಂದು ಬೀಳುವುದು, ಅವಳು ಮತ್ತೆ ಎತ್ತುವುದು, ಅದು ಮತ್ತೆ ಬೀಳುವುದು. ಒಳಗೆ ಕುಳಿತು ಕೇಳುತ್ತಿದ್ದ ದತ್ತಪ್ಪನಿಗೆ ಕೊನೆಗೆ ತಡೆಯಲಾಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಬಂದ.

“ನಡಾ ಬಗ್ಗಸಬ್ಯಾಡ. ಮೊಣಕಾಲ ಮಡಚಿ ಕೂಡು. ಚೀಲ ಎದಿಗೆ ಅವಚಿಕೋ, ಆಮ್ಯಾಗ ಏಳು.”

ಅಲ್ಲಿಂದ ಭಾನುವಾರ ಬಂತೆಂದರೆ ಉಳಿದ ಮೂವರೂ ಬಸ್ ಹಿಡಿದು ಕಮಲಾಪುರಕ್ಕೆ ಬರುತ್ತಿದ್ದರು. ದತ್ತಪ್ಪ ಹಿತ್ತಲ ಕಲ್ಲಿನ ಮೇಲೆ ಕುಳಿತು ಒಬ್ಬೊಬ್ಬರನ್ನೇ ತಿದ್ದುತ್ತಿದ್ದ. ಹೊರಡುವಾಗ ಎಲ್ಲರ ಕೈಗೂ ಕೆಂಪು ಬಾಳೆಹಣ್ಣು. ಆಯೇಶಾ ಅವನನ್ನು ಕಾಕಾ ಎನ್ನತೊಡಗಿದಳು.

ಸಪ್ತಾಹ ಬಂತು. ಪಂದ್ಯದ ದಿನ ಮಧ್ಯಾಹ್ನ ಮೈದಾನಕ್ಕೆ ಬಂದವರು ಮೂವರೇ. ಹಾಸ್ಟೆಲಿನ ಒಬ್ಬಳ ಅಣ್ಣನಿಗೆ ಹೇಗೋ ಸುದ್ದಿ ತಲುಪಿ, ಅವನು ಫೋನಿನಲ್ಲೇ ಅವಳನ್ನು ತಡೆದಿದ್ದ. ಅಣವೀರಪ್ಪ ನಾಲ್ವರಿಲ್ಲದೆ ಪಂದ್ಯವಿಲ್ಲ, ಮಾತೆಂದರೆ ಮಾತು ಎಂದು ಕೈಚೆಲ್ಲಿದರು. ಹುಡುಗರ ಕಡೆಯಿಂದ ಸಿಳ್ಳೆಗಳು ಎದ್ದವು.

ಪಂಚಶೀಲಾ ಅಂಗಲಾಚಲಿಲ್ಲ. ನೆಟ್ಟಗೆ ರಂಗೋಲಿ ಸ್ಪರ್ಧೆಯ ಶಾಮಿಯಾನಕ್ಕೆ ಹೋಗಿ, ಇನ್ನೊಬ್ಬರು ಬೇಕು, ಎತ್ತಲು ಆಗದಿದ್ದರೂ ನಡೆಯುತ್ತದೆ, ಬಂದು ಚೀಲ ಮುಟ್ಟಿದರೆ ಸಾಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ತೀರ್ಪುಗಾರರ ಕುರ್ಚಿಯಿಂದ ಇತಿಹಾಸದ ಅಧ್ಯಾಪಕಿ ಜೈನಾಬಿ ಮೇಡಂ ಎದ್ದರು. ಪೆನ್ನನ್ನು ಪಕ್ಕದವರಿಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನಕ್ಕೆ ನಡೆದುಬಂದರು. ತಾವು ಅಧ್ಯಾಪಕರಲ್ಲವೇ ಎಂದು ಅಣವೀರಪ್ಪ ತಡವರಿಸಿದರು.

“ಸಪ್ತಾಹ ನಮ್ದೂ ಹೌದಲ್ರೀ,” ಎಂದರು ಮೇಡಂ.

ಅರ್ಧ ಕ್ವಿಂಟಲಿನಿಂದ ಶುರುವಾಯಿತು. ಜೈನಾಬಿ ಮೇಡಂ ಮೊಣಕಾಲಿನವರೆಗೆ ತಂದು ಕೈಬಿಟ್ಟು, ತಾವೇ ನಗುತ್ತ ಹೊರಬಂದರು. ಜನ ಚಪ್ಪಾಳೆ ತಟ್ಟಿದರು. ಹಾಸ್ಟೆಲಿನ ಹುಡುಗಿ ಒಂದು ಸುತ್ತು ಗೆದ್ದು ಎರಡನೆಯದರಲ್ಲಿ ಸೋತಳು. ಉಳಿದವರು ಪಂಚಶೀಲಾ, ಆಯೇಶಾ. ಸುತ್ತು ಸುತ್ತಿಗೂ ಚೀಲಕ್ಕೆ ತೊಗರಿ ಸುರಿಯುತ್ತಿದ್ದರು. ಸಿಳ್ಳೆ ಹಾಕುತ್ತಿದ್ದ ಹುಡುಗರು ಈಗ ಹಗ್ಗದ ಹತ್ತಿರ ಬಂದು ನಿಂತಿದ್ದರು.

ಕೊನೆಯ ಸುತ್ತಿನ ಚೀಲವನ್ನು ಪಂಚಶೀಲಾ ಎದೆಯವರೆಗೆ ತಂದಳು. ಹೆಗಲಿಗೆ ಹೊರಳಿಸುವಾಗ ಮೊಣಕಾಲು ನಡುಗಿ ಚೀಲ ಜಾರಿತು. ಎರಡನೇ ಅವಕಾಶದಲ್ಲೂ ಅದೇ. ಆಮೇಲೆ ಆಯೇಶಾ ಬಂದು ತುಟಿಯೊಳಗೇ ಬಿಸ್ಮಿಲ್ಲಾ ಹೇಳಿ, ಚೀಲ ಅವಚಿ ಎದ್ದಳು. ಅಣವೀರಪ್ಪ ಸೀಟಿ ಊದುವವರೆಗೆ ಅದು ಅವಳ ಹೆಗಲ ಮೇಲೆ ನಿಂತಿತ್ತು.

ಗೆದ್ದವರಿಗೆ ಸಿಗುವ ಪದಕವನ್ನು ಪಂಚಶೀಲಾ ಮನಸ್ಸಿನಲ್ಲೇ ಎಷ್ಟೋ ಸಲ ತನ್ನ ಕೊರಳಿಗೆ ಹಾಕಿಕೊಂಡಿದ್ದಳು. ಆದರೂ ಎಲ್ಲರಿಗಿಂತ ಮೊದಲು ಹೋಗಿ ಗೆಳತಿಯನ್ನು ತಬ್ಬಿಕೊಂಡವಳು ಅವಳೇ. ಇದು ನಿನಗೆ ಸೇರಬೇಕಾದದ್ದು ಎಂದು ಆಯೇಶಾ ಅಳತೊಡಗಿದಳು.

“ಹುಚ್ಚಿ ಇದ್ದೀ ಏನು? ಎತ್ತಿದಾಕಿ ನೀನು. ನಿಂದೇ ಅದು.”

ಜನ ಚದುರಿದರು. ಚೀಲಗಳನ್ನು ನಂದೂರಿನ ಬೇಳೆ ಮಿಲ್ಲಿಗೆ ವಾಪಸು ಒಯ್ಯಲು ಟೆಂಪೊ ಬಂತು. ಹಮಾಲರು ಕೊನೆಯ ಸುತ್ತಿನ ಚೀಲಕ್ಕೆ ಕೈಹಾಕುವ ಮೊದಲೇ ಪಂಚಶೀಲಾ ಅದರ ಮುಂದೆ ಬಂದು ನಿಂತಳು. ಪಂದ್ಯ ಮುಗಿಯಿತಲ್ಲ ಎಂದರು ಅಣವೀರಪ್ಪ. ಗೊತ್ತಿದೆ ಎಂದಳು. ಪಂದ್ಯ ನೋಡಲೆಂದು ಬಂದು ಮೈದಾನದ ಮೂಲೆಯಲ್ಲಿ ಕುಳಿತಿದ್ದ ದತ್ತಪ್ಪ ಹಮಾಲರಿಗೆ ತಡೆಯಿರಿ ಎಂದು ಸನ್ನೆ ಮಾಡಿ ಹತ್ತಿರ ಬಂದ.

“ಎದಿಗೆ ಬಂದಮ್ಯಾಗ ಅವಸರ ಮಾಡ್ತಿ. ಒಂದು ಉಸರು ತೊಗೋ.”

ಅವಳು ಕುಳಿತಳು, ಅವಚಿಕೊಂಡಳು, ಎದ್ದಳು. ಎದೆಯ ಮಟ್ಟಕ್ಕೆ ಬಂದಾಗ ಮೊಣಕಾಲು ಮತ್ತೆ ನಡುಗಿತು. ನಡುಕ ನಿಲ್ಲುವವರೆಗೆ ಹಲ್ಲು ಕಚ್ಚಿ ಕಾದಳು. ಆಮೇಲೆ ಚೀಲವನ್ನು ಹೆಗಲಿಗೆ ಹೊರಳಿಸಿ, ಹಾಗೆಯೇ ನಡೆದು ಹೋಗಿ ಟೆಂಪೊದೊಳಗೆ ಇಳಿಸಿದಳು.

ಅಣವೀರಪ್ಪ ಟೆಂಪೊದವರೆಗೆ ನಡೆದುಬಂದರು. ಮುಂದಿನ ವರ್ಷ ಈ ಪಂದ್ಯವನ್ನು ನಾನೇ ಕಾರ್ಯಕ್ರಮದಲ್ಲಿ ಸೇರಿಸುತ್ತೇನೆ, ತಪ್ಪದೆ ಬರಬೇಕು ಎಂದರು.

“ಅಷ್ಟೊತ್ತಿಗೆ ನನ್ನ ಎಂ.ಎ. ಮುಗದಿರ್ತದ್ರೀ ಸರ್,” ಎಂದಳು ಪಂಚಶೀಲಾ, ಹೆಗಲ ಧೂಳು ಕೊಡವುತ್ತ. “ಹುಡುಗ್ಯಾರಿಗೆ ಕಲಸ್ಲಿಕ್ಕೆ ಬರ್ತೀನಿ. ನಾಕ್ ಮಂದಿ ಅಲ್ಲ, ಹತ್ತ್ ಮಂದಿನ್ನ ತಯಾರ ಮಾಡ್ತೀನಿ.”