ಐವತ್ತೆಂಟು ಅಚ್ಚು ಬೆಲ್ಲ

ಇನ್ನು ಆರೇ ಅಚ್ಚು ಬೆಲ್ಲ ಉಳಿದಿತ್ತು. ಮನಿಷಾ ಕೂತಿದ್ದ ತಕ್ಕಡಿಯ ತಟ್ಟೆ ನೆಲ ಬಿಟ್ಟು ಏಳುವ ಲಕ್ಷಣವಿರಲಿಲ್ಲ.

ಅವಳಿಗೆ ಹದಿನೇಳು. ನಾಲ್ಕು ವರ್ಷದವಳಿದ್ದಾಗ ಕಾಮಾಲೆಯಾಗಿ ಎಲ್ಲರೂ ಆಸೆ ಬಿಟ್ಟಿದ್ದರು. ಆಗ ತಾಯಿ ಚಂಪಾ ಅಂಕೋಲೆಯ ಈ ದೇವರಿಗೆ ಹರಕೆ ಹೊತ್ತಳು: ಮಗಳು ಉಳಿದು ದೊಡ್ಡವಳಾದರೆ ಅವಳ ತೂಕದಷ್ಟು ಬೆಲ್ಲ. ದೇವರು ಉಳಿಸಿದ್ದ. ಸ್ವಲ್ಪ ಧಾರಾಳವಾಗಿಯೇ ಉಳಿಸಿದ್ದ ಎಂದು ಮನಿಷಾ ಅಂದುಕೊಳ್ಳುತ್ತಿದ್ದಳು.

ತುಲಾಭಾರದ ದಿನ ಗೊತ್ತಾದ ಮೇಲೆ ಎರಡು ತಿಂಗಳು ಅನ್ನ ಬಿಟ್ಟಳು. ಮೀನು ಮಾರಿ ಬಂದ ತಾಯಿ ಅವಳಿಗೆಂದು ಹುರಿದಿಟ್ಟ ಬಂಗಡೆಯನ್ನು ಕೋಡಿಬಾಗದ ಮನೆಯ ಹಿತ್ತಲಲ್ಲಿ ಬೆಕ್ಕಿಗೆ ಹಾಕಿದಳು. ಕಾಲೇಜಿನಲ್ಲಿ ತಲೆ ತಿರುಗಿ ಬಿದ್ದಾಗ, ಎತ್ತಲು ನಾಲ್ಕು ಜನ ಬೇಕೆಂದು ಯಾರೋ ನಕ್ಕದ್ದು ಕಣ್ಣು ಮುಚ್ಚಿದ್ದರೂ ಕೇಳಿಸಿತು. ಇಳಿದದ್ದು ಎರಡು ಕಿಲೋ. ಬೆಕ್ಕು ಮೈತುಂಬಿಕೊಂಡಿತು.

ಎಷ್ಟು ಬೆಲ್ಲ ಬೇಕೆಂದು ತಾಯಿ ಕೇಳಿದಾಗ ಕಾರವಾರ ಬಸ್‌ಸ್ಟ್ಯಾಂಡಿನ ತೂಕದ ಯಂತ್ರದ ಚೀಟಿ ತಂದುಕೊಟ್ಟಳು. ಐವತ್ತೆಂಟು. ಯಂತ್ರದ ಮೇಲೆ ನಿಂತವಳು ಗೆಳತಿ ಪೂರ್ಣಿಮಾ. ಮನಿಷಾಳ ಚೀಟಿಯಲ್ಲಿ ಎಪ್ಪತ್ತಿತ್ತು. ಅದು ಚೂರುಚೂರಾಗಿ ಕಾಳಿ ನದಿಗೆ ಹೋಗಿತ್ತು. ಚಂಪಾ ಚೀಟಿಯನ್ನು ತುಂಬ ಹೊತ್ತು ನೋಡಿದಳು. ಕಿಲೋ ತೂಗುವ ಐವತ್ತೆಂಟು ಅಚ್ಚು ತಂದಳು.

ಕೊನೆಯ ಅಚ್ಚೂ ಏರಿತು. ತಟ್ಟೆ ಕದಲಲಿಲ್ಲ. ಬೆನ್ನ ಹಿಂದೆ ನಿಂತ ನೆಂಟರ ನಡುವೆ ಅತ್ತೆ ಮಂಗಲಾ ಸೆರಗಿನೊಳಗೆ ನಕ್ಕದ್ದು ಕೇಳಿಸಿತು. ಮನಿಷಾ ಉಸಿರೆಳೆದು ಹೊಟ್ಟೆ ಬಿಗಿಹಿಡಿದಳು. ಅದರಿಂದ ತೂಕ ಇಳಿಯುವುದಿಲ್ಲವೆಂದು ಪಿಯುಸಿ ಸೈನ್ಸ್ ಓದುವ ಅವಳಿಗೆ ಗೊತ್ತಿತ್ತು.

"ಕಡ್ಮೆ ಬಿತ್ತಲ್ಲ," ಎಂದರು ಭಟ್ಟರು. "ಅಂಗಡಿಯಿಂದ ತರ್ಸೂದಾ?"

"ಬೇಡ. ಹಗ್ಗ ಎಲ್ಲೋ ತೊಡ್ಕಂಡದೆ, ನಾ ಸರಿ ಮಾಡ್ತೆ," ಎಂದಳು ಚಂಪಾ.

ಅವಳು ಬೆಲ್ಲದ ರಾಶಿಯ ಹಿಂದೆ ಹೋಗಿ ಬಗ್ಗಿದಳು. ಮನಿಷಾಳ ತಟ್ಟೆ ಮೆಲ್ಲಗೆ ಎದ್ದಿತು. ಭಟ್ಟರು ದೇವರ ಕಡೆ ತಿರುಗಿ ಗಂಟೆ ಬಾರಿಸತೊಡಗಿದರು.

ಎದುರು ಕೂತ ಮನಿಷಾಳಿಗೆ ಮಾತ್ರ ರಾಶಿಯ ಸಂದಿಯಿಂದ ಕಾಣುತ್ತಿತ್ತು. ತಾಯಿಯ ಎರಡೂ ಕೈ ಬೆಲ್ಲದ ತಟ್ಟೆಯನ್ನು ಕೆಳಕ್ಕೆ ಒತ್ತುತ್ತಿದ್ದವು. ಬುಟ್ಟಿ ಎತ್ತಿದ ಕೂಡಲೆ ಮೀನಿನ ತೂಕ ಹೇಳುವವಳು ಚೀಟಿ ನೋಡಿದ ದಿನವೇ ಎಲ್ಲ ತಿಳಿದಿದ್ದಳು. ಒಂದು ಅಚ್ಚು ಹೆಚ್ಚು ತಂದಿದ್ದರೂ ಮಗಳ ಸುಳ್ಳು ಬಯಲಾಗುತ್ತಿತ್ತು. ಅದಕ್ಕೇ ಈಗ, ಮಗಳ ಜೀವ ಉಳಿಸಿದ ದೇವರಿಗೇ ಮೋಸ ಮಾಡುತ್ತಿದ್ದಳು.

ಮನಿಷಾಳಿಗೆ ಬಿಡು ಆಯಿ, ಎನ್ನಬೇಕೆನಿಸಿತು.

"ಕಾಲ್ ನೆಲಕ್ಕೆ ತಾಗ್ಸಬೇಡ," ಎಂದಳು ಚಂಪಾ, ಮುಖ ಎತ್ತದೆ. "ಇನ್ನೊಂಚೂರು ಹೊತ್ತು."

ಆರತಿ ಮುಗಿಯಲಿಲ್ಲ. ತಾಯಿಯ ತೋಳು ನಡುಗತೊಡಗಿತು, ಜೊತೆಗೆ ತಕ್ಕಡಿಯೂ. ಜನ ಕೈಮುಗಿದು ನಿಂತಿದ್ದರು. ನೆಲದಿಂದ ಒಂದು ಗೇಣು ಮೇಲೆ, ಹುಟ್ಟಿದ ಮೇಲೆ ಮೊದಲ ಸಲ ಹಗುರಾಗಿ, ಮನಿಷಾ ತೂಗಾಡುತ್ತಿದ್ದಳು.