ಅರ್ಧ ನಾಲಿಗೆಯ ಮಾತುಗಾರ

ಆಸ್ಪತ್ರೆಯಲ್ಲಿರುವ ನಮ್ಮ ಕಚೇರಿಯ ಕೆಲಸ ಕ್ಯಾನ್ಸರ್ ಬಂದವರ ಪಟ್ಟಿ ಇಡುವುದು. ಆ ವರ್ಷ ಓಶ್ ಪ್ರಾಂತ್ಯದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು ಐದು ವರ್ಷದ ನಂತರ ಏನಾದರು ಎಂದು ಲೆಕ್ಕ ಹಾಕುತ್ತಿದ್ದೆವು. ಮೂವತ್ತೇಳು ಜನರ ಸುದ್ದಿಯೇ ಇರಲಿಲ್ಲ. ತೀರಿಕೊಂಡಿರಬಹುದು ಎಂದು ಬರೆದುಬಿಡಲೇ ಎಂದು ಕೇಳಿದೆ. ನಮ್ಮ ಡಾಕ್ಟರ್ ಗುಲ್ಸಾರಾ ಒಪ್ಪಲಿಲ್ಲ.

"ಊಹೆ ಮಾಡಿ ಯಾರನ್ನೂ ಸಾಯಿಸ್ಬೇಡ. ಹೋಗಿ ನೋಡ್ಕೊಂಡು ಬಾ."

ಹಾಗಾಗಿ ಉಜ್ಗೆನ್ ಕಡೆಯ ವ್ಯಾನು ಹತ್ತಿದೆ. ಮೊದಲ ಹೆಸರು ಸುಯುನ್‌ಬೆಕ್, ಅರವತ್ತೊಂದು ವರ್ಷ. ಮೂವತ್ತು ವರ್ಷ ನಾಲಿಗೆಯಡಿ ನಾಸ್ವಾಯ್ ಹೊಗೆಸೊಪ್ಪು ಇಟ್ಟುಕೊಂಡಿದ್ದ. ಕೊನೆಗೆ ಅರ್ಧ ನಾಲಿಗೆಯನ್ನೇ ಕೊಯ್ದು ತೆಗೆಯಬೇಕಾಯಿತು. ಮನೆ ಬಾಗಿಲಲ್ಲಿ ಅವನ ಹೆಂಡತಿ ಬುರುಲ್ಚಾ ಹಿಟ್ಟು ನಾದುತ್ತಿದ್ದಳು.

"ಅವ್ರಾ? ಹೋದ್ರಲ್ಲಮ್ಮ," ಎಂದಳು.

ನಾನು ತಲೆ ತಗ್ಗಿಸಿ, ಯಾವಾಗ ಎಂದು ಮೆಲ್ಲಗೆ ಕೇಳಿದೆ.

"ಬೆಳಿಗ್ಗೆ ಚಹಾ ಕುಡ್ಕೊಂಡು ಹೋದ್ರು. ಮೇಲಿನ ಕೇರಿ ಮದ್ವೇಲಿ ಮಾತಾಡಿ ನಂಟ್ರನ್ನ ನಗ್ಸೋಕೆ. ನಾಲಿಗೆ ಅರ್ಧ ಕೊಯ್ದ್ರು, ಮಾತು ಮಾತ್ರ ಒಂದೂವರೆ ಆಗಿದೆ."

ಮದುವೆ ಮನೆಯಂಗಳದಲ್ಲಿ ಬಿಳಿ ಟೋಪಿಯ ಸಣಕಲು ಮನುಷ್ಯ ಮೈಕು ಹಿಡಿದು ನಿಂತಿದ್ದ. ಮಾತು ತೊದಲುತ್ತಿತ್ತು. ಅರ್ಥವಾಗದ ಮಾತನ್ನು ಕೈಯಲ್ಲಿ ಆಡಿ ತೋರಿಸುತ್ತಿದ್ದ. ಮದುಮಗನ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಬಿಡುವಾದಾಗ ಪಕ್ಕಕ್ಕೆ ಕರೆದು ನಾನು ಯಾರೆಂದು ಹೇಳಿದೆ. ಇಷ್ಟು ವರ್ಷ ತಪಾಸಣೆಗೆ ಯಾಕೆ ಬರಲಿಲ್ಲ ಎಂದು ಸ್ವಲ್ಪ ಗದರಿದೆ.

"ಹುಷಾರಾದೋನು ಆಸ್ಪತ್ರೇಲಿ ಏನ್ ಮಾಡ್ಲಿ ಮಗಳೇ?"

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹಾಗಾದರೆ ವಾಸಿಯಾದವರು ತಿರುಗಿ ಬರುತ್ತಲೇ ಇರಲಿಲ್ಲ, ಕಾಯಿಲೆ ಮರುಕಳಿಸಿದವರನ್ನಷ್ಟೇ ನಾವು ನೋಡುತ್ತಿದ್ದೆವು. ಅದಕ್ಕೇ ಈ ಕಾಯಿಲೆ ಬಂದರೆ ಯಾರೂ ಉಳಿಯುವುದಿಲ್ಲವೆಂದು ವಾರ್ಡಿನವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ. ಇದನ್ನು ಹೇಳಿದಾಗ ಸುಯುನ್‌ಬೆಕ್ ಜೇಬಿನಿಂದ ಫೋನು ತೆಗೆದ. ಅವನ ಜೊತೆ ವಾರ್ಡಿನಲ್ಲಿದ್ದವರು ಪ್ರತಿ ನೂರೂಜ್ ಹಬ್ಬಕ್ಕೂ ಒಬ್ಬರಿಗೊಬ್ಬರು ಫೋನು ಮಾಡುತ್ತಾರಂತೆ. ಅಲ್ಲೇ ನಾಲ್ವರಿಗೆ ಮಾಡಿದ. ಮೂವರು ನಮ್ಮ ಪಟ್ಟಿಯವರೇ. ನನ್ನ ಜೊತೆ ಮಾತಾಡಲು ಖುಷಿಯಿಂದ ಒಪ್ಪಿದರು. ನಾಲ್ಕನೆಯವನಿಗೆ, ತನ್ನ ಹೆಸರು ಪಟ್ಟಿಯಲ್ಲೇ ಇಲ್ಲವೆಂದು ಸಿಟ್ಟು ಬಂತು. ಅವನು ವಾರ್ಡಿನಲ್ಲಿ ಕೆಲವೇ ದಿನ ಇದ್ದು, ಚಿಕಿತ್ಸೆಯನ್ನು ಗಡಿಯಾಚೆ ಪಡೆದಿದ್ದ. ಅವನನ್ನೂ ಬರೆದುಕೊಂಡೆ.

ಪಲಾವು ತಿನ್ನಿಸದೆ ಮದುವೆ ಮನೆಯವರು ಬಿಡಲಿಲ್ಲ. ಸುಯುನ್‌ಬೆಕ್ ಚೂರು ಚೂರೇ ಮೆಲ್ಲುತ್ತಾ ನನಗಿಂತ ಹೆಚ್ಚು ತಿಂದ.

ಎರಡು ತಿಂಗಳು ಹಳ್ಳಿ ಹಳ್ಳಿ ಅಲೆದೆ. ಮೂವತ್ತೇಳರಲ್ಲಿ ಹನ್ನೆರಡು ಜನ ನಿಜಕ್ಕೂ ತೀರಿಕೊಂಡಿದ್ದರು. ಅವರ ಮನೆಗಳಲ್ಲಿ ಕೂತು ಚಹಾ ಕುಡಿದು ಬಂದೆ. ಐವರು ರಷ್ಯಾ ಸೇರಿದ್ದರು, ಸಿಗಲಿಲ್ಲ. ಉಳಿದ ಇಪ್ಪತ್ತು ಮಂದಿ ಬದುಕಿದ್ದರು.

ಮೊನ್ನೆ ವಾರ್ಡಿನಲ್ಲಿ, ನಾಲಿಗೆಯಲ್ಲಿ ಕ್ಯಾನ್ಸರ್ ಹುಣ್ಣಾದ ಹೆಂಗಸೊಬ್ಬಳು ತಾನು ಉಳಿಯುತ್ತೇನೆಯೇ ಎಂದು ಡಾಕ್ಟರನ್ನು ಕೇಳಿದಳು. ಮೊದಲಾಗಿದ್ದರೆ ಗುಲ್ಸಾರಾ ಮಾತು ಮರೆಸುತ್ತಿದ್ದರು. ಈ ಸಲ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಎಷ್ಟು ಜನ ಉಳಿದಿದ್ದಾರೆಂದು ನಿಧಾನವಾಗಿ ವಿವರಿಸತೊಡಗಿದರು.