ಖಾಲಿ ನೆಲಕ್ಕೆ ನುಡಿಸಿದ ಬಾರ್ಟ್ಲಿ ಟೂಹಿ

ಬಾರ್ಟ್ಲಿ ಟೂಹಿಯವರು ಎದುರಿಗಿದ್ದವರ ಮುಖ ನೋಡಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ. ಕಿಲ್‌ಡೆರ್ಗ್ ಪೇಟೆಯ ಬೀದಿಯಲ್ಲಿ ಎದುರಾದರೆ ಅವರ ದೃಷ್ಟಿ ಮೊದಲು ನಮ್ಮ ಪಾದಗಳಿಗೆ ಇಳಿಯುತ್ತಿತ್ತು. ಅಲ್ಲಿ ಗಳಿಗೆ ಹೊತ್ತು ನಿಂತು, ಬೂಟಿನ ಸವೆತವನ್ನೂ ಹಿಮ್ಮಡಿಯ ಓರೆಯನ್ನೂ ಸಾವಧಾನವಾಗಿ ಪರಾಂಬರಿಸಿ, ನಂತರ ಮೆಲ್ಲಗೆ ಮೇಲೇರಿ, ಗದ್ದದ ತನಕ ಬಂದು, ಅದಕ್ಕಿಂತ ಮೇಲೆ ಹೋಗುವ ಅಗತ್ಯವೇನೂ ಕಾಣದೆ ಅಲ್ಲೇ ತಂಗುತ್ತಿತ್ತು. "ಓಹೋ, ನೂಲಾನಾ? ಎಡಗಾಲು ಇನ್ನೂ ಹಿಂದೇನೇ ಬೀಳುತ್ತಲ್ಲೇ" ಎನ್ನುವರು. ಅವರನ್ನು ಅರಿಯದವರು ಇದನ್ನು ಗರ್ವ ಎಂದರು, ಅರಿತಿದ್ದೇವೆಂದುಕೊಂಡವರು ನಾಚಿಕೆ ಎಂದರು, ನಮ್ಮ ಪಾದ್ರಿಗಳಂತೂ ವಿನಯದ ಪರಮಾವಧಿಯೆಂದು ಬಗೆದು ಒಂದು ಭಾನುವಾರ ಪ್ರವಚನದಲ್ಲೇ ಹೊಗಳಿಬಿಟ್ಟರು. ಮೂರೂ ಸುಳ್ಳು. ಹರೆಯವೆಲ್ಲ ಎತ್ತರದ ವೇದಿಕೆಯ ಮೇಲೆ ಗಿಡ್ಡ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಅಕಾರ್ಡಿಯನ್ ಇಟ್ಟುಕೊಂಡು, ಖಾಲಿ ಹಲಗೆನೆಲದ ಮೇಲೆ ಮೊದಲ ಜೋಡಿ ಪಾದ ಯಾವಾಗ ಇಳಿದೀತೆಂದು ಕಾದ ಮನುಷ್ಯನ ಕಣ್ಣು ಇನ್ನೆಲ್ಲಿಗೆ ಹೋದೀತು?

ಅವರದು ರಿಲೀಫ್ ಬ್ಯಾಂಡು. ಅರವತ್ತರ ದಶಕದ ಆರಂಭದ ಆ ದಿನಗಳಲ್ಲಿ ನಮ್ಮ ಕಡೆ ಊರಿಗೊಂದು ಡಾನ್ಸ್ ಹಾಲು ಎದ್ದಿತ್ತು. ಜೌಗುನೆಲದ ನಡುವೆ, ಹಸುಗಳು ಮೇಯುವ ಬಯಲಿನ ಅಂಚಿನಲ್ಲಿ, ಚಂದ್ರನದೋ ನಕ್ಷತ್ರದ್ದೋ ಹೆಸರು ಹೊತ್ತ ತಗಡಿನ ಮಾಡಿನ ಕಟ್ಟಡ. ನಮ್ಮದರ ಹೆಸರು ಮೂನ್‌ರೇ. ಅಲ್ಲಿಗೆ ದೂರದ ಡಬ್ಲಿನ್ನಿನಿಂದ ದೊಡ್ಡ ಬ್ಯಾಂಡುಗಳು ವ್ಯಾನಿನಲ್ಲಿ ಬರುತ್ತಿದ್ದವು. ಒಂದೇ ಬಣ್ಣದ ಕೋಟು ತೊಟ್ಟ ಎಂಟು ಹತ್ತು ಮಂದಿ ಸುಂದರಾಂಗರು, ಕೂರದೆ ನಿಂತೇ ನುಡಿಸುತ್ತ, ತೊನೆಯುತ್ತ, ಅಮೆರಿಕದಿಂದ ಮೊನ್ನೆಯಷ್ಟೇ ಬಂದಿಳಿದ ಹಾಡನ್ನು ತಮ್ಮ ಬಾಯಲ್ಲೇ ಹುಟ್ಟಿದ್ದೇನೋ ಎಂಬಂತೆ ಹಾಡುತ್ತಿದ್ದರು. ಆದರೆ ಅವರು ವೇದಿಕೆ ಹತ್ತುವುದು ಹನ್ನೊಂದಕ್ಕೆ. ಹಾಲಿನ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಗಂಡಸರೆಲ್ಲ ಪಬ್ಬು ಮುಚ್ಚುವವರೆಗೆ ಅಲ್ಲೇ ಬೇರು ಬಿಟ್ಟಿರುತ್ತಿದ್ದರು. ಹೆಣ್ಣುಮಕ್ಕಳಾದ ನಾವು ಸೈಕಲ್ ತುಳಿದು ಬಂದು, ಬೇಲಿಯ ಮರೆಯಲ್ಲಿ ಕೆಸರಿನ ಬೂಟು ಕಳಚಿ ಡಾನ್ಸಿನ ಚಪ್ಪಲಿ ಏರಿಸಿ, ಗೋಡೆಗಂಟಿದ ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದೆವು. ಆ ಎರಡು ತಾಸು ತುಂಬಿಸುವುದಕ್ಕೆ ಬಾರ್ಟ್ಲಿ ಮತ್ತು ಅವರ ನಾಲ್ವರು. ನಮ್ಮ ಹರೆಯದ ಅರ್ಧ ಕಳೆದದ್ದು ಅವರ ಅಕಾರ್ಡಿಯನ್ನಿನ ಮುಂದೆ. ಲೆಕ್ಕಕ್ಕೆ ಬಂದದ್ದು ಮಾತ್ರ ಉಳಿದರ್ಧ.

ಅವರ ಕೋಟಿನದೇ ಒಂದು ಕಥೆ. ಯಾವುದೋ ದೊಡ್ಡ ಬ್ಯಾಂಡು ಜಗಳವಾಡಿ ಒಡೆದುಹೋದಾಗ ಅದರ ಸಾಸಿವೆ ಬಣ್ಣದ ಕೋಟುಗಳನ್ನು ಬಾರ್ಟ್ಲಿ ಅಗ್ಗಕ್ಕೆ ತಂದರು. ಜೇಬಿನ ಮೇಲೆ ಆ ಬ್ಯಾಂಡಿನ ಮೊದಲ ಅಕ್ಷರ ದಪ್ಪ ಕಸೂತಿಯಲ್ಲಿತ್ತು. ಅವರ ಹೆಂಡತಿ ಬ್ರೀಜ್ ಸೂಜಿ ಹಿಡಿದು ದಾರವನ್ನೆಲ್ಲ ಬಿಡಿಸಿದರೂ, ಅಷ್ಟು ದಿನ ಬೆಳಕು ಕಾಣದ ಬಟ್ಟೆ ಅಲ್ಲಿ ಹೊಸದಾಗಿಯೇ ಉಳಿದಿತ್ತಾದ್ದರಿಂದ ಅಕ್ಷರ ಮತ್ತಷ್ಟು ಸ್ಪಷ್ಟವಾಗಿ ಮೂಡಿತು. ಬಾರ್ಟ್ಲಿ ಅದರ ಮೇಲೊಂದು ಕರವಸ್ತ್ರ ಇಳಿಬಿಟ್ಟು ಸುಮ್ಮನಾದರು. ನಡೆಯುವಾಗ ಕೂಡ ಎದೆಯ ಮೇಲೆ ವಾದ್ಯ ಇದ್ದೇ ಇದೆಯೇನೋ ಎಂಬಂತೆ ಬೆನ್ನು ಹಿಂದಕ್ಕೆ ವಾಲಿಸಿ, ಬಸುರಿಯ ಹಾಗೆ ನಡೆಯುತ್ತಿದ್ದರೆಂದು ಹುಡುಗರು ಅಣಕಿಸುತ್ತಿದ್ದರು.

ರಿಲೀಫ್ ಬ್ಯಾಂಡಿಗೆ ಒಂದು ಧರ್ಮವಿತ್ತು: ಹನ್ನೊಂದಕ್ಕೆ ಬರುವವರ ಹೆಸರಾದ ಹಾಡನ್ನು ಮುಟ್ಟಬಾರದು. ಬೇರೆ ಊರುಗಳಲ್ಲಿ ಇದನ್ನು ಕದ್ದುಮುಚ್ಚಿ ಮುರಿಯುವವರು ಬೇಕಾದಷ್ಟು ಜನ. ಬಾರ್ಟ್ಲಿ ಮುರಿಯಲಿಲ್ಲ. ಅವರಿಗೆ ಬಾರದೆಂದೇ ನಾನು ತಿಳಿದಿದ್ದೆ. ಒಂದು ದಿನ ಅಂಗಡಿಯಲ್ಲಿ ಸಿಕ್ಕ ಬ್ರೀಜ್‌ಗೆ ಹಾಗೆಂದಾಗ ಅವರು ನಕ್ಕರು. "ಬರಲ್ವಾ? ರೇಡಿಯೋದಲ್ಲಿ ಒಂದ್ಸಲ ಕೇಳಿದ್ರೆ ಸಾಕು, ಅಡುಗೆಮನೇಲಿ ಕೂತು ಅಚ್ಚುಕಟ್ಟಾಗಿ ನುಡಿಸ್ತಾರೆ. ತುಂಬಿದ ನೆಲಕ್ಕೆ ಒಂದೇ ಒಂದ್ಸಲ ನುಡಿಸ್ಬೇಕು ಅಂತ ಅವರಿಗೆ ಆಸೆ ಕಣೇ. ಬಾಯಿಬಿಟ್ಟು ಹೇಳಲ್ಲ. ನಿದ್ದೇಲಿ ಕಾಲು ಕುಟ್ತಾರೆ, ನನಗೆ ಗೊತ್ತಾಗುತ್ತೆ." ಅದನ್ನು ಕೇಳಿದ ಮೇಲೆ ನಾನು ಸಂಕಟವಿಲ್ಲದೆ ಅವರ ಮುಂದಿನ ಆ ಬೆಂಚಿನಲ್ಲಿ ಕೂರಲಾರದವಳಾದೆ.

ಅರವತ್ತಮೂರರ ಹಿಮಗಾಲದಲ್ಲಿ ಆ ಒಂದು ಸಲ ಬಂತು. ಮಾರನೆಯ ದಿನ ಬೂದಿ ಬುಧವಾರ. ಅಲ್ಲಿಂದ ಈಸ್ಟರ್ ತನಕ ತಪಸ್ಸುಕಾಲ, ಡಾನ್ಸ್ ಹಾಲುಗಳಿಗೆಲ್ಲ ಬೀಗ. ಹಾಗಾಗಿ ಹಿಂದಿನ ಮಂಗಳವಾರ, ಮನೆಮನೆಯಲ್ಲೂ ಪ್ಯಾನ್‌ಕೇಕ್ ತಿಂದು, ಇಡೀ ಸೀಮೆಯೇ ಕುಣಿಯಲು ಹೊರಡುತ್ತಿತ್ತು, ಸರಿಯಾಗಿ ಹನ್ನೆರಡಕ್ಕೆ ಪಾದ್ರಿಗಳು ಬಂದು ನಿಲ್ಲಿಸುವವರೆಗೆ. ಅಂದು ಬರಬೇಕಿದ್ದದ್ದು ಸಿಲ್ವರ್ ಏಸಸ್ ಎಂಬ ಬ್ಯಾಂಡು. ಆ ಚಳಿಗಾಲದಲ್ಲಿ ಅವರ ಒಂದು ಹಾಡು ಹಾಡದ ಬಾಯಿಲ್ಲ. ಹನ್ನೊಂದಕ್ಕೆ ಗಂಡಸರೆಲ್ಲ ಹಿಮ ಕೊಡವುತ್ತ ಒಳಬಂದು ಎದುರುಗೋಡೆಗೆ ಒರಗಿ ನಿಂತರು. ಏಸಸ್ ಮಾತ್ರ ಇಲ್ಲ. ಅವರ ವ್ಯಾನು ಶ್ಯಾನನ್ ಹೊಳೆಯಾಚೆ ಹಿಮದಲ್ಲಿ ಹೂತಿದೆಯೆಂದು ಫೋನು ಬಂತು. ಹಾಲಿನ ಯಜಮಾನ ಹೆಷನ್ ಬೆವರು ಒರೆಸಿಕೊಳ್ಳುತ್ತ ವೇದಿಕೆಯ ಅಂಚಿಗೆ ಓಡಿ, "ಬಾರ್ಟ್ಲಿ, ಮಾನ ಉಳಿಸಪ್ಪ. ಅವರದೇ ಹಾಡು ನುಡಿಸಿಬಿಡು, ಯಾರು ಕೇಳ್ತಾರೆ?" ಎಂದ.

ಜನ ನೆಲ ಕುಟ್ಟುತ್ತ ಅದನ್ನೇ ಕೇಳುತ್ತಿದ್ದರು. ಬಾರ್ಟ್ಲಿ ಗೋಣು ಅಲ್ಲಾಡಿಸಿದರು. ಆಮೇಲೆ, ನಾವು ಬೇಗ ಬರುತ್ತಿದ್ದ ಹುಡುಗಿಯರು ಮಾತ್ರ ಬಲ್ಲ, ಅವರು ತಾವೇ ಕಟ್ಟಿ ಹೆಸರಿಡದೆ ಬಿಟ್ಟಿದ್ದ, ಜೋಡಿಯಾಗಿ ಕುಣಿಯುವ ಒಂದು ನಿಧಾನದ ವಾಲ್ಟ್ಜ್ ಎತ್ತಿಕೊಂಡರು. ಮೊದಲು ಗೊಣಗಾಟ, ಆಮೇಲೆ ಮೌನ, ಆಮೇಲೆ ಎದುರುಗೋಡೆಯಿಂದ ಏಮನ್ ಫ್ಯಾಹಿ ಎಂಬ ಕೆಂಚುಗೂದಲಿನ ಹುಡುಗ ನೆಲವನ್ನು ಅಡ್ಡ ಹಾಯ್ದು ಬಂದು ನನ್ನ ಅಕ್ಕ ಅಟ್ರಾಕ್ಟಾಳ ಮುಂದೆ ಕೈ ಚಾಚಿದ. ಅಕ್ಕ ಬಾರ್ಟ್ಲಿಯ ಸಂಗೀತವನ್ನು ಅದುವರೆಗೆ ಕೇಳಿದವಳಲ್ಲ. ಒಂಬತ್ತರಿಂದ ಹನ್ನೊಂದರ ತನಕ ಕೋಟು ಬಿಚ್ಚಿಡುವ ಕೋಣೆಯ ಕನ್ನಡಿಯ ಮುಂದೆ ಪ್ರತಿಷ್ಠಾಪಿತಳಾಗಿರುವುದು ಅವಳ ಪದ್ಧತಿ. ಅವಳು ಎದ್ದಳು. ಅವರ ಹಿಂದೆ ಮತ್ತೊಂದು ಜೋಡಿ, ಮಗದೊಂದು. ನೋಡನೋಡುತ್ತ ಹಲಗೆ ಕಾಣದಷ್ಟು ನೆಲ ತುಂಬಿತು. ಬಾರ್ಟ್ಲಿ ಅದೇ ವಾಲ್ಟ್ಜನ್ನು ತಿರುಗಿಸಿ ತಿರುಗಿಸಿ ನುಡಿಸಿದರು, ಬೇರೆಯವೂ ನುಡಿಸಿದರು, ಯಾರೂ ಬೆಂಚಿಗೆ ಮರಳಲಿಲ್ಲ. ಅವರ ಮುಖವನ್ನು ಅಂದು ನಾನು ನೋಡಿದೆ. ಅಷ್ಟು ಸಂತೋಷಪಟ್ಟ ಗಂಡಸನ್ನು ಆಮೇಲೆ ನೋಡಿಲ್ಲ.

ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಬಾಗಿಲು ತೆರೆದು ಏಸಸ್ ಬಂದರು, ಯಾರದೋ ಟ್ರ್ಯಾಕ್ಟರಿನ ಹಿಂದೆ ನಿಂತು, ಹುಬ್ಬಿನ ಮೇಲೆಲ್ಲ ಹಿಮ. ಬಾರ್ಟ್ಲಿ ಹಿಡಿದ ರಾಗ ಮುಗಿಸಿ ಅಕಾರ್ಡಿಯನ್ನಿನ ಪಟ್ಟಿ ಬಿಗಿದರು. ಹೆಷನ್ ಸಿಡುಕಿದ. "ನಿನಗೇನು ಹುಚ್ಚಾ? ನೆಲ ತುಂಬಿದೆ, ನೀನೇ ಮುಗಿಸು. ಅವರು ಚಹಾ ಕುಡ್ಕೊಂಡು ಹೋಗ್ಲಿ."

"ಜನ ಅವರಿಗೋಸ್ಕರ ಬಂದದ್ದು. ನಾನು ಜಾಗ ಹಿಡ್ಕೊಂಡಿದ್ದೆ, ಅಷ್ಟೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿಯೂ ಅವರೇ. ಏಸಸ್ ತಮ್ಮ ಆ ಒಂದು ಹಾಡನ್ನೂ ಇನ್ನೊಂದೆರಡನ್ನೂ ಹಾಡಿದರು, ಮಾಡು ಹಾರಿಹೋಗುವಂತೆ ಜನ ಕೂಗಿದರು, ಪಾದ್ರಿಗಳು ಬಂದರು, ಮುಗಿಯಿತು. ಮಾರನೆಯ ದಿನದಿಂದ ಆ ರಾತ್ರಿ "ಹಿಮದಲ್ಲಿ ಏಸಸ್ ಬಂದ ರಾತ್ರಿ" ಆಯಿತು. ವರ್ಷ ಕಳೆದಂತೆ ಅವರು ಹಾಡಿದ ಹೊತ್ತೂ ಬೆಳೆಯುತ್ತ ಹೋಗಿ, ಕೊನೆಗೆ ಅವರು ಬಂದದ್ದೇ ಹನ್ನೊಂದಕ್ಕೆ ಎಂದಾಯಿತು. ಬಾರ್ಟ್ಲಿಯ ಹೆಸರು ಆ ಕಥೆಯಲ್ಲಿ ಎಲ್ಲೂ ಇಲ್ಲ.

ಅಟ್ರಾಕ್ಟಾ ಮತ್ತು ಏಮನ್ ಮರುವರ್ಷವೇ ಮದುವೆಯಾದರು. ಅವರ ಮದುವೆಯ ಐವತ್ತನೆಯ ವರ್ಷದ ಚಿನ್ನದ ಹಬ್ಬಕ್ಕೆ ಪೇಟೆಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟವಿತ್ತು. ಬ್ರೀಜ್ ಅಷ್ಟರಲ್ಲಿ ತೀರಿಕೊಂಡಿದ್ದರು. ಎಂಬತ್ತು ದಾಟಿದ ಬಾರ್ಟ್ಲಿ ನನ್ನ ಪಕ್ಕದಲ್ಲಿ ಕೂತು ಹಂದಿಮಾಂಸದ ತುಂಡನ್ನು ಸಣ್ಣಗೆ ಹೆಚ್ಚುತ್ತಿದ್ದರು. ಊಟವಾದ ಮೇಲೆ ಅಕ್ಕ ಎದ್ದು, ತಾನೂ ಏಮನ್ನೂ ಮೊದಲ ಸಲ ಕುಣಿದದ್ದು ಏಸಸ್ ನುಡಿಸಿದ ವಾಲ್ಟ್ಜಿಗೆ ಎಂದು ಮೊಮ್ಮಕ್ಕಳಿಗೆಲ್ಲ ಸಾರಿ, ಕೀಬೋರ್ಡ್ ನುಡಿಸಲು ಕರೆಸಿದ್ದ ಹುಡುಗನಿಗೆ ಅದನ್ನೇ ನುಡಿಸಲು ಹೇಳಿದಳು.

"ಹೆಸರೇನಜ್ಜಿ?"

"ಹೆಸರು ಯಾರಿಗ್ಗೊತ್ತಪ್ಪ? ಕುಣಿಯೋವಾಗ ಹೆಸರು ಕೇಳ್ತಾರಾ? ಹೀಗೆ ಬರುತ್ತೆ ನೋಡು." ಅವಳು ಗುನುಗಿದಳು.

ಅಕ್ಕ ಗುನುಗಿದ್ದು ಬಾರ್ಟ್ಲಿಯ ಹೆಸರಿಲ್ಲದ ವಾಲ್ಟ್ಜು, ಒಂದು ಸ್ವರ ತಪ್ಪಿಲ್ಲದೆ. ಅಂದು ಅವಳ ಬೆನ್ನು ವೇದಿಕೆಗಿತ್ತು, ಕಣ್ಣು ಏಮನ್ ಮೇಲಿತ್ತು. ಯಾರು ನುಡಿಸಿದರೆಂದು ಅವಳು ನೋಡಿರಲೇ ಇಲ್ಲ. ಹುಡುಗ ಫೋನಿನಲ್ಲಿ ತಡಕಾಡಿ, "ಏಸಸ್‌ದು ಎಲ್ಲಾ ಹಾಡೂ ಇದೆ ಅಜ್ಜಿ, ಇದೊಂದೇ ಇಲ್ಲ" ಎಂದ. "ಹಂಗಾದ್ರೆ ನಿನ್ನ ಫೋನಿಗೇ ಬುದ್ಧಿ ಸಾಲದು" ಎಂದಳು ಅಕ್ಕ. ನಾನು ತಡೆಯಲಾರದೆ ಎದ್ದೆ. ಬಾರ್ಟ್ಲಿ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

"ಬೇಡ ಕಣಮ್ಮ."

"ಯಾಕ್ಬೇಡ? ನಿಮ್ದು ಅದು."

"ಐವತ್ತು ವರ್ಷ ಅವಳು ಇಟ್ಕೊಂಡಿದಾಳೆ. ಈಗ ಅವಳ್ದೇ."

ಹಾಗೆಂದು ಎದ್ದು, ಹುಡುಗನ ಹೆಗಲು ತಟ್ಟಿ, "ಏಸಸ್‌ದು ಇದೊಂದು ನನಗೆ ಬರುತ್ತೆ, ಏಳಪ್ಪ" ಎಂದು ಅವನ ಜಾಗದಲ್ಲಿ ಕೂತರು. ಎರಡು ಕಡೆ ತಾಳ ಜಾರಿತು. ಅಕ್ಕನೂ ಭಾವನೂ ಕುಣಿದರು, ಮಕ್ಕಳು, ಮೊಮ್ಮಕ್ಕಳು, ಊಟ ಬಡಿಸುವ ಹುಡುಗಿಯರು ಕೂಡ. ಕುರ್ಚಿಗಳನ್ನು ಗೋಡೆಗೆ ಸರಿಸಬೇಕಾಯಿತು. ಮುಗಿದ ಮೇಲೆ ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಂದು ಅವರ ಕೈ ಹಿಡಿದುಕೊಂಡಳು. "ಚೆನ್ನಾಗೇ ನುಡಿಸಿದ್ರಿ ಬಾರ್ಟ್ಲಿ. ಆದ್ರೂ ಏಸಸ್‌ನವರ ಹಾಗೆ ಇನ್ಯಾರಿಗೂ ಬರಲ್ಲ ಬಿಡಿ."

"ಅದು ನಿಜ ತಾಯಿ" ಎಂದರು ಬಾರ್ಟ್ಲಿ.

ಕಾರಿನ ತನಕ ಅವರನ್ನು ಬಿಡಲು ಹೋದವಳು ನಾನೇ. ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳಿಬಿಟ್ಟೆ. ಅವರು "ಉರಿಯುತ್ತೆ" ಎಂದರು. ಆಮೇಲೆ, "ಆ ರಾಗ ನನ್ನ ಹೆಸರಲ್ಲೇ ಇದ್ದಿದ್ರೆ ಅವತ್ತು ರಾತ್ರಿಗೇ ಮುಗೀತಿತ್ತು. ದೊಡ್ಡ ಮನೇಲಿ ಬೆಳೀತು, ಬೆಳೀಲಿ" ಎಂದರು. ಅದಾದ ಮುಂದಿನ ವಸಂತದಲ್ಲಿ ಅವರು ಹೋದರು.

ಆ ಕಾಲದ ಸಂಗೀತವನ್ನು ನೆನೆಯುವ ಕಾರ್ಯಕ್ರಮ ಈಗ ಪ್ರತಿ ಭಾನುವಾರ ರೇಡಿಯೋದಲ್ಲಿ ಬರುತ್ತದೆ. ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ನಾನು ಕೇಳುತ್ತೇನೆ, ಬೈಯುತ್ತೇನೆ, ಮರುವಾರ ಮತ್ತೆ ಹಾಕಿಕೊಂಡು ಕೂರುತ್ತೇನೆ. ಹೆಸರಾದವರು ಬರುವ ತನಕ ಹೊತ್ತು ತುಂಬುವವರು ಎಲ್ಲ ಕಾಲದಲ್ಲೂ ಎಲ್ಲ ಊರಲ್ಲೂ ಇದ್ದೇ ಇರುತ್ತಾರೆ. ಅವರನ್ನು ಊರು ಮರೆಯುತ್ತದೆ, ಅದಕ್ಕಾಗಿ ಊರಿನ ಮೇಲೆ ನನಗೆ ಇಂದಿಗೂ ಕೋಪವಿದೆ. ಅವರು ಕೊಟ್ಟ ರಾಗವನ್ನು ಮಾತ್ರ ಊರು ಬಿಡುವುದಿಲ್ಲ. ಬೇರೆ ಯಾರದೋ ಹೆಸರು ಹೇಳಿಕೊಂಡು, ತನ್ನ ಬದುಕಿನ ಅತ್ಯಂತ ಒಳ್ಳೆಯ ದಿನದ ಪಕ್ಕದಲ್ಲಿ ಅದನ್ನಿಟ್ಟುಕೊಂಡು, ಸಾಯುವ ತನಕ ಗುನುಗುತ್ತದೆ.